ದಾವಣಿಯ ಕೊನೆಯ ಕಣ್ಣಿ

ದೆವ್ವ ಭೂತಗಳ ಮಾತು ಬಂದಾಗ ನಗುವವರ ಗುಂಪಿಗೆ ಸೇರಿದವನು ನಾನು. ಶಾಲೆಯ ಹಿಂದಿನ ಹುಣಸೆ ಮರದ ಬಗ್ಗೆ ಹುಡುಗರು ಏನೇನೋ ಹೇಳಿಕೊಂಡು ಹೆದರುತ್ತಿದ್ದರೆ, ಅವರನ್ನು ಆ ಮರದ ಕೆಳಗೇ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆ. ನಡೆದದ್ದಕ್ಕೆಲ್ಲ ಕಾರಣವಿರುತ್ತದೆ, ಕಾಣದಿದ್ದರೆ ನಾವು ಸರಿಯಾಗಿ ನೋಡಿಲ್ಲ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ಹಾಗೇ ನಂಬಿದ್ದೇನೆ. ಒಂದು ಬೆಳಗಿನ ವಿಷಯವನ್ನು ಮಾತ್ರ ಆ ನಂಬಿಕೆಯೊಳಗೆ ಸೇರಿಸಲು ನನಗೆ ಇದುವರೆಗೆ ಆಗಿಲ್ಲ.

ಇಂಥ ಸಂಗತಿಗಳು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ಹೊತ್ತು ಹುಟ್ಟಿದ ಮೇಲೆ, ಜನ ಗಂಜಿ ಕುಡಿಯಲು ಕೂರುವ ಹೊತ್ತಿನಲ್ಲಿ ನಡೆಯಿತು. ಓದುವವರು ಇದನ್ನು ಕಟ್ಟುಕಥೆ ಎಂದುಕೊಂಡರೆ ನನಗೆ ಬೇಸರವಿಲ್ಲ. ಬೇರೆಯವರು ಬರೆದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಬರೆಯದಿದ್ದುದಕ್ಕೆ ಕಾರಣ ನನ್ನ ಹೆಂಡತಿ. “ಅದ ಬರ್ದು ನಾಕು ಜನದ ಬಾಯಿಗೆ ಆಕಬ್ಯಾಡಿ” ಎಂದಿದ್ದಳು. ಹೋದ ಕಾರ್ತೀಕದಲ್ಲಿ ಅವಳು ತೀರಿಕೊಂಡಳು. ಬರೆಯುವುದು ಸರಿಯೋ ತಪ್ಪೋ ತಿಳಿಯದು. ಆದರೆ ಇದನ್ನು ಪೂರ್ತಿ ಬಲ್ಲವನು ಈಗ ನಾನೊಬ್ಬನೇ ಎಂಬುದು ಸಂಜೆಯ ಹೊತ್ತು ಬಹಳ ಭಾರವಾಗುತ್ತದೆ.

ಆಗ ನಾನು ನಂಜನಗೂಡಿನ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನನ್ನ ಹೆಂಡತಿ ದೇವೀರಮ್ಮ ತಿರುಮಕೂಡಲು ನರಸೀಪುರದ ಕಡೆಯ ಒಕ್ಕಲು ಮನೆಯ ಮಗಳು. ನಾನೂ ಒಕ್ಕಲು ಮನೆಯವನೇ, ಕಳಲೆಯ ಹತ್ತಿರದವನು. ನಮಗೆ ಒಬ್ಬಳೇ ಮಗಳು, ಪುಟ್ಟತಾಯಿ. ಎಲ್ಲರೂ ತಾಯಿ ಎಂದೇ ಕರೆಯುತ್ತಿದ್ದೆವು. ಪೇಟೆಯಲ್ಲಿ ಹುಟ್ಟಿದರೂ ಪ್ರತಿ ಸುಗ್ಗಿಗೆ ಅವಳು ತನ್ನ ತಾತನ ಊರಿಗೆ ಹೋಗಿ, ಕಾಲೆಲ್ಲ ಬಿರುಕು ಬಿಟ್ಟು, ಮೈಯೆಲ್ಲ ಹುಲ್ಲಿನ ಗೀರು ಮಾಡಿಕೊಂಡು ಬರುತ್ತಿದ್ದಳು. ಅವಳಿಗೆ ಈಜು ಬಂದದ್ದು ಅಲ್ಲಿಯೇ. ಒಂದು ವರ್ಷ ಬರುವಾಗ ತನಗೂ ಒಂದು ದಾವಣಿ ಬೇಕೆಂದು ಹಟ ಹಿಡಿದಳು.

ದಾವಣಿ ಎಂದರೆ ಕಣದ ಹಗ್ಗ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಒಂದು ಉದ್ದ ಹಗ್ಗಕ್ಕೆ ದನಗಳನ್ನು ಸಾಲಾಗಿ ಕಟ್ಟಿ, ಹರಡಿದ ಪೈರಿನ ಮೇಲೆ ಆ ಕಂಬದ ಸುತ್ತ ತುಳಿಸುತ್ತಾರಲ್ಲ, ಆ ಹಗ್ಗ. ಅದರಲ್ಲಿ ಒಂದೊಂದು ದನದ ಕೊರಳಿಗೂ ಒಂದೊಂದು ಕುಣಿಕೆ ಇರುತ್ತದೆ. ಅದಕ್ಕೆ ಕಣ್ಣಿ ಎನ್ನುತ್ತೇವೆ. ಮಗಳ ಹಟಕ್ಕೆ ಸೋತು ನನ್ನ ಹೆಂಡತಿ ಪುಂಡಿ ನಾರು ತರಿಸಿ, ತೊಡೆಯ ಮೇಲೆ ಹೊಸೆದು, ಮಕ್ಕಳ ಮುಂಗೈಗೆ ಹಿಡಿಯುವಷ್ಟು ಸಣ್ಣ ಕಣ್ಣಿಗಳಿಟ್ಟು ಒಂದು ದಾವಣಿ ಮಾಡಿಕೊಟ್ಟಳು. ಅದನ್ನು ಹಿಡಿದುಕೊಂಡು ನಮ್ಮ ಬೀದಿಯ ಹುಡುಗರು ನನ್ನ ಜೊತೆ ಹೊಳೆಯ ತೆಳುನೀರಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಮೊದಮೊದಲು ಆಟ. ಆಮೇಲೆ ಅದಕ್ಕೊಂದು ಕ್ರಮ ಬಂತು. ಮುಂದೆ ಬಿದಿರಿನ ಉದ್ದ ಗಳು ಹಿಡಿದು ನಾನು, ನಡುವೆ ಚಿಕ್ಕವರು, ಕಟ್ಟಕಡೆಗೆ ಈಜು ಬಲ್ಲವರು. ಕಡೆಯವರ ಕೆಲಸ ಹಗ್ಗ ಸಡಿಲವಾಗದಂತೆ ಹಿಡಿದು ಬರುವುದು. ಒಂದು ಉದ್ದನೆಯ ಎಳೆತ ಕೊಟ್ಟರೆ ‘ನಿಲ್ಲು’ ಎಂದರ್ಥ. ಎರಡು ಗಿಡ್ಡ ಎಳೆತ ಕೊಟ್ಟರೆ ‘ಎಲ್ಲಾ ಸರಿಯಾಗಿದೆ, ನಡೆ’ ಎಂದರ್ಥ. ಈ ಗುರುತುಗಳನ್ನು ಕಲಿಸಿದವಳೂ ನನ್ನ ಹೆಂಡತಿಯೇ. ಕೊನೆಯ ಕಣ್ಣಿ ಪುಟ್ಟತಾಯಿಯದು.

ಮುಂದಿನ ವರ್ಷದ ಪ್ಲೇಗಿನಲ್ಲಿ ಪುಟ್ಟತಾಯಿ ಹೋದಳು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅಂಥ ಮನೆಗಳು ಆ ವರ್ಷ ಬೀದಿಬೀದಿಯಲ್ಲೂ ಇದ್ದವು. ನನ್ನ ಹೆಂಡತಿ ಅಳಲಿಲ್ಲ. ಅಳದೆ ಇದ್ದುದನ್ನು ನೋಡಿ ನೆರೆಯವರು ಹೆದರಿದರು. ಅವಳು ಒಲೆ ಹೊತ್ತಿಸುವುದು, ನೀರು ತರುವುದು ಎಲ್ಲವನ್ನೂ ಮೊದಲಿನಂತೆಯೇ ಮಾಡುತ್ತಿದ್ದಳು. ಮಗಳ ಹೆಸರನ್ನು ಮಾತ್ರ ಎತ್ತುತ್ತಿರಲಿಲ್ಲ.

ಅದರ ಮುಂದಿನ ಸುಗ್ಗಿಯ ಕಾಲಕ್ಕೆ ಪೇಟೆ ಬೀದಿಯಲ್ಲಿ ಮತ್ತೆ ಇಲಿ ಸತ್ತು ಬಿದ್ದವು. ಊರು ಬಿಡಬೇಕೆಂದು ತಮಟೆ ಹೊಡೆದು ಸಾರಿದರು. ಮನೆಗಳಿಗೆ ಬೀಗ ಬಿದ್ದವು. ಜನ ಗಂಟು ಮೂಟೆ ಕಟ್ಟಿಕೊಂಡು ಊರಾಚೆಯ ಹೊಲಗಳಲ್ಲಿ ತೆಂಗಿನ ಗರಿ, ಹುಲ್ಲು, ಚಾಪೆಗಳಿಂದ ಗುಡಿಸಲು ಹಾಕಿಕೊಂಡರು. ನಮ್ಮ ಗುಡಿಸಲುಗಳ ಸಾಲು ನರಸೀಪುರದ ದಾರಿಯ ಕಡೆ, ಕಪಿಲೆಯ ದಡಕ್ಕೆ ಹತ್ತಿರವಿತ್ತು. ಶಾಲೆ ಮುಚ್ಚಿತು.

ಪೇಟೆಯ ಮಕ್ಕಳ ಪಾಡು ಆಗ ನೋಡಬೇಕಿತ್ತು. ಜಗಲಿ ದಾಟಿ ಗೊತ್ತಿಲ್ಲದವು. ಹುಲ್ಲಿನ ಮೇಲೆ ಕಾಲಿಡಲು ಹೆದರಿಕೆ, ಓತಿಕ್ಯಾತ ಕಂಡರೆ ಚೀರಾಟ. ಶೆಟ್ಟರ ಮನೆಯ ನಂಜುಂಡ ಎಂಬ ದಪ್ಪ ಹುಡುಗ ಮೂರು ಹೊತ್ತೂ ಚಾಪೆಯ ಮೇಲೆ ಕೂತು, “ಅಜ್ಜೀ, ಮನೆಗೆ ಯಾವಾಗ ಹೋಗೋದು?” ಎಂದು ರಾಗ ಎಳೆಯುತ್ತಿದ್ದ. ಒಂದು ದಿನ ಅವನ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ಊರೆಲ್ಲ ಸೇರುವಂತೆ ಕೂಗಿಕೊಂಡ. ನನ್ನ ಹೆಂಡತಿ ಹೋಗಿ ಎಕ್ಕದ ಹಾಲು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಮುಳ್ಳಿನಿಂದಲೇ ಅದನ್ನು ತೆಗೆದಳು. ತೆಗೆದ ಮುಳ್ಳನ್ನು ಅವನ ಕೈಗೇ ಕೊಟ್ಟು, “ಇಟ್ಕೊ. ನಾಳೆ ಇನ್ನೊಬ್ರಿಗೆ ನೀನೇ ತೆಗೀಬೇಕು” ಎಂದಳು. ಮಗಳು ಹೋದ ಮೇಲೆ ಅವಳು ಒಂದು ಮಗುವಿನ ಹತ್ತಿರ ಕೂತು ಮಾತಾಡಿದ್ದನ್ನು ಆವತ್ತೇ ನಾನು ನೋಡಿದ್ದು.

ಆ ರಾತ್ರಿ ಅವಳೇ ಹೇಳಿದಳು: “ಸುಮ್ನೆ ಕೂತಿದ್ದೀರಲ್ಲ. ಆ ಐಕಳ ಒಸಿ ಒರಗೆ ಕರ್ಕಂಡೋಗಬಾರ್ದಾ?”

ಹೀಗೆ ಶುರುವಾಯಿತು. ನಾನು ದಿನವೂ ಬೆಳಗಿನ ಜಾವ ಮಕ್ಕಳನ್ನು ಕರೆದುಕೊಂಡು ಹೊರಡುತ್ತಿದ್ದೆ. ಪಾಠವೆಂದರೆ ಪಾಠವಲ್ಲ. ಹೊಳೆಯ ಮರಳಿನಲ್ಲಿ ಬೆಳಿಗ್ಗೆ ಯಾರು ಯಾರು ನಡೆದಿದ್ದಾರೆ ಎಂದು ಹೆಜ್ಜೆ ನೋಡಿ ಹೇಳಬೇಕು: ಇದು ಕೊಕ್ಕರೆ, ಇದು ನೀರುನಾಯಿ, ಇದು ಅಗಸರ ಕತ್ತೆ. ಕಣ್ಣು ಮುಚ್ಚಿ ಕೂತು ಎಷ್ಟು ಬಗೆಯ ಸದ್ದು ಕೇಳುತ್ತದೆ ಎಂದು ಗಮನಿಸಬೇಕು. ಚಕಮಕಿ ಕಲ್ಲು ಬಡಿದು ಬೂರುಗದ ಹತ್ತಿಗೆ ಕಿಡಿ ತಾಗಿಸಬೇಕು. ಹೊತ್ತಿದ ಮೇಲೆ ಅವರೆಕಾಯಿ ಸುಟ್ಟು ತಿನ್ನಬೇಕು, ತಿಂದ ಮೇಲೆ ಬೂದಿಗೆ ನೀರು ಹಾಕಿ ಎದ್ದು ಬರಬೇಕು. ಒಣಗಿದ ಸೋರೆ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯಬೇಕು. ನಂಜುಂಡ ಮೊದಲ ದಿನ ಬುರುಡೆ ಕಟ್ಟಿಕೊಂಡು ನೀರಿಗಿಳಿದಾಗ ಗಾಣಿಗರ ಹುಡುಗಿ ಚೆಲುವಿ, “ಸಾ, ಇದ್ರಾಗೆ ಬುಲ್ಡೆ ಯಾವ್ದು, ನಂಜುಂಡ ಯಾವ್ದು?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಎರಡು ವಾರ ಕಳೆಯುವುದರೊಳಗೆ ಅವನು ಬುರುಡೆ ಬಿಚ್ಚಿ ಎಸೆದು ಈಜುತ್ತಿದ್ದ.

ಈ ಚೆಲುವಿ ನಮ್ಮ ಪುಟ್ಟತಾಯಿಯ ಜೊತೆಗಾತಿ. ಅವಳಿಗೂ ಈಜು ಚೆನ್ನಾಗಿ ಬರುತ್ತಿತ್ತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಂಜುಂಡನ ಅಜ್ಜಿ ಗುಡಿಸಲ ಬಾಗಿಲಲ್ಲಿ ನಿಂತು, “ಏನ್ ಮೇಷ್ಟ್ರೇ, ಮಕ್ಕಳಿಗೆ ಓದು ಕಲಿಸೋಕೆ ಅಂತ ಸರ್ಕಾರ ನಿಮ್ಮನ್ನ ಇಟ್ರೆ, ನೀವು ಕಪ್ಪೆ ಹಿಡಿಯೋದು ಕಲಿಸ್ತಿದ್ದೀರಲ್ಲ!” ಎನ್ನುತ್ತಿದ್ದರು. ಆದರೂ ಮೊಮ್ಮಗ ರಾತ್ರಿ ಅಳುವುದನ್ನು ಬಿಟ್ಟಿದ್ದರಿಂದ ಕಳುಹಿಸಿಕೊಡುತ್ತಿದ್ದರು.

ಹೊಳೆ ದಾಟುವುದನ್ನು ಕಲಿಸುವ ಹೊತ್ತಿಗೆ ಆ ಸಣ್ಣ ದಾವಣಿ ಬೇಕಾಯಿತು. ಮನೆ ಬಿಡುವಾಗ ನನ್ನ ಹೆಂಡತಿ ಅದನ್ನು ಗಂಟಿನಲ್ಲಿ ಸೇರಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅದನ್ನು ತಂದು ಮುಂದಿಟ್ಟು, ಅದರ ತುದಿ ಹಿಡಿದುಕೊಂಡು ಕೂತಳು. ಅವಳ ತವರಿನ ಕಡೆ ಒಂದು ಕಟ್ಟಳೆಯಿದೆ. ವರ್ಷದಲ್ಲಿ ಒಂದು ಎತ್ತು ಸತ್ತರೆ, ಮುಂದಿನ ಸುಗ್ಗಿಗೆ ದಾವಣಿಯನ್ನು ಕಣಕ್ಕಿಳಿಸುವ ಮೊದಲು ಆ ಎತ್ತಿನ ಕಣ್ಣಿಯನ್ನು ಬಿಚ್ಚಿ ತೆಗೆಯುತ್ತಾರೆ. ಖಾಲಿ ಕಣ್ಣಿ ಇಟ್ಟುಕೊಂಡು ತುಳಿಸುವುದಿಲ್ಲ. ಸತ್ತದ್ದು ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ ಎಂದು ಹೇಳುತ್ತಾರೆ.

“ಬಿಚ್ಚಬೇಕು” ಎಂದಳು.

“ಅದೆಲ್ಲ ಎತ್ತಿನ ಮಾತು. ಇದ್ದರೇನಾಯಿತು, ಬಿಡು” ಎಂದೆ.

ನನ್ನದು ನಂಬಿಕೆಯಿಲ್ಲದವನ ಮಾತು. ಅವಳು ಬಿಚ್ಚದೆ ಬಿಟ್ಟದ್ದು ಬೇರೆ ಕಾರಣಕ್ಕೆ. ಅವಳ ಕೈ ಮಗಳ ಕಣ್ಣಿಯ ಗಂಟಿನ ಮೇಲೆ ಹೋಗಿ ಹಾಗೇ ಹಿಂದಕ್ಕೆ ಬಂತು. ಹೀಗೆ ಆ ಕಣ್ಣಿ ಉಳಿಯಿತು. ಚೆಲುವಿಯನ್ನು ಕಡೆಗೆ ನಿಲ್ಲಿಸಿದಾಗ ಅವಳು ಕೊನೆಯ ಕಣ್ಣಿ ಬಿಟ್ಟು ಅದಕ್ಕಿಂತ ಒಂದು ಮುಂದಿನದನ್ನು ಹಿಡಿದಳು. ಕೇಳಿದರೆ, “ಅದು ತಾಯೀದು ಸಾ” ಎಂದಳು. ನಾನು ಮತ್ತೆ ಹೇಳಲು ಹೋಗಲಿಲ್ಲ. ಅವಳ ಬೆನ್ನ ಹಿಂದೆ ಮಾರುದ್ದ ಹಗ್ಗ, ಅದರ ತುದಿಯಲ್ಲಿ ಖಾಲಿ ಕಣ್ಣಿ, ನೀರಿನ ಮೇಲೆ ತೇಲಿಕೊಂಡು ಬರುತ್ತಿತ್ತು.

ಪುಷ್ಯ ಮಾಸದಲ್ಲಿ ಆಚೆ ದಡದ ಕೊಯ್ದ ಗದ್ದೆಗಳಿಗೆ ಎಲ್ಲಿಂದಲೋ ದೊಡ್ಡ ಬೂದು ಬಾತುಗಳು ಬಂದು ಇಳಿಯುತ್ತವೆ. ಬೆಳಕು ಹರಿಯುವಾಗ ಒಟ್ಟಿಗೆ ಏಳುತ್ತವೆ. ಅದನ್ನು ಮಕ್ಕಳಿಗೆ ತೋರಿಸಬೇಕೆಂದು ಒಂದು ದಿನ ನಸುಕಿನಲ್ಲಿ ಹೊಳೆ ದಾಟಿದೆವು. ಆಕಾಶ ತಿಳಿಯಾಗಿತ್ತು, ನಕ್ಷತ್ರ ಕಾಣುತ್ತಿದ್ದವು, ನೀರು ಮೊಣಕಾಲಿನಿಂದ ತೊಡೆಯವರೆಗೆ. ಆ ಜಾಗದಲ್ಲಿ ಹೊಳೆಯ ತಳದಲ್ಲಿ ನುರುಜುಗಲ್ಲಿನ ಒಂದು ದಾರಿಯಿದೆ, ಗಾಡಿಗಳೂ ದಾಟುತ್ತವೆ. ಅದರ ಕೆಳಗಡೆ, ನೀರು ಹರಿದು ಹೋಗುವ ಕಡೆ, ಒಂದು ಮಡು. ಅಲ್ಲಿ ಮರಳು ಇದ್ದಕ್ಕಿದ್ದಂತೆ ಜಾರುತ್ತದೆ, ಗಳುವಿಗೆ ತಳ ಸಿಗುವುದಿಲ್ಲ. ಕಾಲಿಗೆ ಕಲ್ಲು ಸಿಗುತ್ತಿರುವವರೆಗೆ ಭಯವಿಲ್ಲ ಎಂದು ಮಕ್ಕಳಿಗೂ ಹೇಳಿಕೊಟ್ಟಿದ್ದೆ.

ಬಾತುಗಳನ್ನು ನೋಡಿದೆವು. ಗದ್ದೆಯೇ ಎದ್ದು ಹಾರಿದಂತೆ ಅವು ಎದ್ದವು. ಮಕ್ಕಳು ಬಾಯಿ ಬಿಟ್ಟು ನಿಂತಿದ್ದರು. ಅದೇ ಹೊತ್ತಿಗೆ ಹೊಳೆಯಿಂದ ಮಂಜು ಏಳಲು ತೊಡಗಿತು. ಚಳಿಗಾಲದಲ್ಲಿ ಹೊತ್ತು ಹುಟ್ಟಿದ ಮೇಲೆಯೇ ಮಂಜು ದಟ್ಟವಾಗುವುದುಂಟು. ನಾವು ದಡಕ್ಕೆ ಬರುವಷ್ಟರಲ್ಲಿ ಆಚೆಯ ದಡವೂ ಇಲ್ಲ, ಈಚೆಯ ಮರವೂ ಇಲ್ಲ.

ಮಂಜು ಕರಗುವವರೆಗೆ ಕಾಯಬಹುದಿತ್ತು. ಆದರೆ ಗುಡಿಸಲುಗಳಿಗೆ ಬೆಳಿಗ್ಗೆ ತಪಾಸಣೆಯವರು ಬರುತ್ತಿದ್ದರು. ಮನೆಮನೆಯವರನ್ನೂ ಹೊರಗೆ ನಿಲ್ಲಿಸಿ ಜ್ವರ, ಗಡ್ಡೆ ನೋಡುತ್ತಿದ್ದರು. ಒಂದು ಮಗು ಕಾಣದಿದ್ದರೂ ಕಾಯಿಲೆ ಬಚ್ಚಿಟ್ಟಿದ್ದಾರೆಂದು ಅನುಮಾನ. ಆ ಮನೆಯವರನ್ನೆಲ್ಲ ದೂರದ ಬೇರೆ ಗುಡಿಸಲುಗಳಿಗೆ ಸಾಗಿಸಿಬಿಡುತ್ತಿದ್ದರು. ಅಲ್ಲಿಗೆ ಹೋದವರಲ್ಲಿ ವಾಪಸು ಬಂದವರು ಕಡಿಮೆ ಎಂದು ಜನ ನಡುಗುತ್ತಿದ್ದರು. ಸೇತುವೆಯ ಮೇಲೆ ಬರೋಣವೆಂದರೆ ಅದು ಊರಿನ ಪಕ್ಕದಲ್ಲಿ, ಅಲ್ಲಿ ಕಾವಲು. ಹಗ್ಗ ಇದೆ, ಗಳು ಇದೆ, ದಾರಿ ಕಾಲಿಗೆ ಗೊತ್ತು. ದಾಟೋಣ ಎಂದು ನಿಶ್ಚಯಿಸಿದೆ.

ಚಿಕ್ಕವರ ಸೊಂಟಕ್ಕೆ ಬುರುಡೆ ಕಟ್ಟಿದೆ. ನನ್ನ ಹಿಂದೆ ನಂಜುಂಡ, ಅವನ ಹಿಂದೆ ಉಳಿದವರು, ಕಡೆಗೆ ಚೆಲುವಿ. ನೀರಿಗಿಳಿದೆವು. ಮಂಜಿನಲ್ಲಿ ನಂಜುಂಡನ ಮುಖವೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಕ್ಕಳು ಹೆದರದಿರಲೆಂದು ಮಗ್ಗಿ ಹೇಳಲು ಹೇಳಿದೆ. ಅವರ ದನಿ ಹತ್ತಿ ಸುತ್ತಿಕೊಂಡಂತೆ ಕೇಳುತ್ತಿತ್ತು. ಕಾಲಿಗೆ ಕಲ್ಲು ಸಿಗುತ್ತಿತ್ತು, ನಡೆದೆ. ಆಮೇಲೆ ಮರಳು ಸಿಕ್ಕಿತು. ದಾರಿಯ ನಡುವೆ ಅಲ್ಲಲ್ಲಿ ಮರಳು ಇದೆ, ಇನ್ನೆರಡು ಹೆಜ್ಜೆಗೆ ಕಲ್ಲು ಸಿಗುತ್ತದೆ ಎಂದುಕೊಂಡು ಮುಂದೆ ಹೋದೆ. ನೀರು ಕಾಲಿನ ಸುತ್ತ ಸುಳಿಯುತ್ತಿತ್ತು. ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವಂತಿರಲಿಲ್ಲ.

ಆಗ ಹಗ್ಗ ನಿಂತಿತು. ಒಂದೇ ಒಂದು ಉದ್ದನೆಯ ಎಳೆತ. ಜಗ್ಗಿದಂತಲ್ಲ, ಹಿಡಿದು ನಿಲ್ಲಿಸಿದಂತೆ. ಎತ್ತಿದ ನನ್ನ ಕಾಲು ಅಲ್ಲೇ ನಿಂತಿತು.

“ಯಾಕೇ ಚೆಲುವಿ, ನಿಂತೆ?” ಎಂದು ಕೂಗಿದೆ.

“ನಾ ಎಲ್ಲಿ ನಿಂತಿವ್ನಿ ಸಾ! ಇಂದ್ಗಡೆ ಇಡ್ಕಂಡವ್ರೆ!”

“ಯಾರು?”

“ಕಾಣಾಕಿಲ್ಲ ಸಾ, ಮಂಜು.”

ನಂಜುಂಡ ಅಳುವ ದನಿಯಲ್ಲಿ, “ಮೇಷ್ಟ್ರೇ, ಮೊಸಳೆ ಇರಬೇಕು” ಎಂದ.

“ಮೊಸಳೆ ಅಗ್ಗ ಇಡಿಯಾಕಿಲ್ಲ ಕಣ್ಲಾ, ಕಾಲಿಡೀತದೆ” ಎಂದಳು ಚೆಲುವಿ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದು ನನಗೆ ಈಗಲೂ ನೆನಪಿದೆ.

ನಾನು ಗಳುವನ್ನು ಮುಂದಕ್ಕೆ ಚುಚ್ಚಿದೆ. ಅದು ನನ್ನ ಮುಷ್ಟಿಯವರೆಗೆ ಇಳಿಯಿತು, ಮುಷ್ಟಿಯೂ ಮುಳುಗಿತು. ತಳ ಸಿಗಲಿಲ್ಲ. ನನ್ನ ಮುಂದೆ ಒಂದು ಹೆಜ್ಜೆಗೆ ಮಡು ಇತ್ತು. ನಾನು ಇಳಿದಿದ್ದರೆ ಹಗ್ಗದಲ್ಲಿದ್ದವರೆಲ್ಲ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದರು.

ಹಿಂದಕ್ಕೆ ಹೋಗೋಣವೆಂದರೆ ಹಿಂದು ಯಾವುದು? ಹಗ್ಗವನ್ನು ಹಿಡಿದು ನಿಂತೆ. ಅದರ ತುದಿ ಕಲ್ಲಿಗೆ ಕಟ್ಟಿದಷ್ಟು ಗಟ್ಟಿಯಾಗಿತ್ತು. ಆಗ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಕಣದಲ್ಲಿ ದಾವಣಿ ತಿರುಗುತ್ತದಲ್ಲ, ಹಾಗೆ. ಹಗ್ಗದ ತುದಿ ಮೇಟಿಯಂತೆ ನಿಂತಿದೆ ಎಂದುಕೊಂಡು, ಹಗ್ಗ ಸಡಿಲವಾಗದಂತೆ ಹಿಡಿದು, ಅಡ್ಡಡ್ಡಲಾಗಿ ಬಲಗಡೆಗೆ ಹೆಜ್ಜೆ ಇಡುತ್ತ ತಿರುಗಿದೆ. ಮಕ್ಕಳೂ ನನ್ನ ಜೊತೆ ತಿರುಗಿದರು. ನೀರು ತೊಡೆಯಿಂದ ಮೊಣಕಾಲಿಗೆ ಇಳಿಯಿತು. ಕಾಲಿಗೆ ಕಲ್ಲು ಸಿಕ್ಕಿತು, ಇನ್ನೊಂದು ಹೆಜ್ಜೆಗೂ ಕಲ್ಲೇ.

ಅಷ್ಟರಲ್ಲಿ ಹಗ್ಗದಲ್ಲಿ ಎರಡು ಗಿಡ್ಡ ಎಳೆತ ಬಂತು. ಬಂದು, ಹಗ್ಗ ಬಿಟ್ಟುಕೊಂಡಿತು.

“ಚೆಲುವಿ, ಈಗ ಎಳೆದದ್ದು ನೀನಾ?”

ಅವಳು ಕೇಳಿದಳು: “ನಿಮ್ಗೂ ಬಂತಾ ಸಾ?”

ನಾನು ತಿರುಗಿ ನೋಡಿದೆ. ಬಿಳಿ ಮಂಜು. ನಂಜುಂಡನ ತಲೆ, ಅವನ ಹಿಂದೆ ಇನ್ನೊಂದು ತಲೆಯ ನೆರಳು, ಅಷ್ಟೆ. ಮತ್ತೇನೂ ಕೇಳದೆ ನಡೆಸಿಕೊಂಡು ಬಂದೆ. ದಡಕ್ಕೆ ಹತ್ತಿದ ಮೇಲೆ ಒಬ್ಬೊಬ್ಬರ ಮುಖವನ್ನೂ ಕೈಯಲ್ಲಿ ಮುಟ್ಟಿ ನೋಡಿದೆ. ಎಲ್ಲರೂ ಇದ್ದರು. ಹಗ್ಗವನ್ನು ಎಳೆದುಕೊಂಡೆ. ಕೊನೆಯ ಕಣ್ಣಿಯಲ್ಲಿ ಪಾಚಿಯಿಲ್ಲ, ಕಸವಿಲ್ಲ, ಎಳೆ ಕಿತ್ತಿರಲಿಲ್ಲ. ಒದ್ದೆಯಾಗಿತ್ತು, ಅಷ್ಟೇ.

ತಪಾಸಣೆಯ ಹೊತ್ತಿಗೆ ಸರಿಯಾಗಿ ತಲುಪಿದೆವು. ಮಕ್ಕಳ ಬಾಯಿ ಕಟ್ಟುವವರು ಯಾರು? ಮಧ್ಯಾಹ್ನದ ಹೊತ್ತಿಗೆ ಗುಡಿಸಲುಗಳಿಗೆಲ್ಲ ಸುದ್ದಿ ಹಬ್ಬಿತು. ನಂಜುಂಡನ ಅಜ್ಜಿ ಬಂದರು. ಜಗಳ ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. ನನ್ನ ಹೆಂಡತಿಯ ಹತ್ತಿರ ಕೂತು ತಗ್ಗಿದ ದನಿಯಲ್ಲಿ ಹೇಳಿದರು: “ನೋಡಮ್ಮ, ಕಾಪಾಡಿದ್ದು ಯಾರೇ ಆಗಿರಲಿ, ಅವರಿಗೆ ದೊಡ್ಡ ನಮಸ್ಕಾರ. ಆದ್ರೆ ನಿನ್ನ ಮಗೂನ ಹೀಗೆ ಹಗ್ಗದಲ್ಲಿ ಕಟ್ಟಿ ಇಟ್ಕೋಬೇಡ. ಅದೂ ಎಲ್ಲೋ ಹೋಗಬೇಕಲ್ಲ? ಆ ಕಣ್ಣಿ ಬಿಚ್ಚೋವರೆಗೂ ನಮ್ಮ ಹುಡುಗನ್ನ ಕಳಿಸೋಲ್ಲ.”

ಅವರು ಹೋದ ಮೇಲೆ ನಾನು ನನ್ನ ವಿವರಣೆಯನ್ನು ಹೇಳಿದೆ. ನೀರಿನ ತಳದಲ್ಲಿ ಒಂದು ಮರದ ಬೇರೋ ಕೊರಡೋ ಇದ್ದಿರಬೇಕು, ಖಾಲಿ ಕಣ್ಣಿ ಅದಕ್ಕೆ ಸಿಕ್ಕಿಕೊಂಡಿತು, ನಾವು ತಿರುಗಿದಾಗ ಬಿಟ್ಟುಕೊಂಡಿತು. ನನ್ನ ಹೆಂಡತಿ ಕೇಳಿಸಿಕೊಂಡಳು. ಇಲ್ಲವೆನ್ನಲಿಲ್ಲ. ಎದ್ದು ಹೋಗಿ ಚೆಲುವಿಯನ್ನು ಕರೆದುಕೊಂಡು ಬಂದಳು. ಕಡಲೆ ಬೆಲ್ಲ ಕೊಟ್ಟು ಕೂರಿಸಿ ಕೇಳಿದಳು.

“ಚೆಲುವಿ, ಬೇರು ಇಡ್ಕಂಡಂಗಿತ್ತಾ, ಕೈ ಇಡ್ಕಂಡಂಗಿತ್ತಾ?”

ಹುಡುಗಿ ಬೆಲ್ಲ ಕಚ್ಚಿಕೊಂಡು ಯೋಚಿಸಿದಳು. “ಬೇರಾದ್ರೆ ಬಿಗೀತದೆ ದೇವೀರವ್ವ. ಇದು ಬಿಗೀನಿಲ್ಲ. ನಾ ಎಳದ್ರೆ ಒಸಿ ಬುಡ್ತಿತ್ತು, ತಿರ್ಗಾ ಇಡ್ಕಳ್ತಿತ್ತು.”

“ಬಳ್ಳಿಯಂಥ ಕೊಂಬೆಯಾದರೂ ಹಾಗೇ ಮಾಡುತ್ತದೆ” ಎಂದೆ ನಾನು. ಹೆಂಡತಿ ನನ್ನ ಕಡೆ ನೋಡಲಿಲ್ಲ. “ನಿಂಗೆ ಭಯ ಆಗ್ನಿಲ್ವಾ?” ಎಂದು ಚೆಲುವಿಯನ್ನೇ ಕೇಳಿದಳು.

“ಯಾಕೆ ಭಯ?” ಎಂದಳು ಹುಡುಗಿ.

ಸಂಜೆ ದೀಪ ಹಚ್ಚುವ ಹೊತ್ತಾದರೂ ನನ್ನ ಹೆಂಡತಿ ದೀಪ ಹಚ್ಚಲಿಲ್ಲ. ಗುಡಿಸಲಿನ ಮೂಲೆಯಿಂದ ದಾವಣಿಯನ್ನು ತಂದು, ಅದರ ಮುಂದಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. ಕಡೆಯ ತುದಿಯನ್ನು ಗರಿಯ ಗೋಡೆಯ ಸಂದಿನಿಂದ ಹೊರಗೆ ತೂರಿಸಿದಳು.

“ನೀವು ಅದ ಇಡ್ಕಳಿ. ನಾ ಒರಗಿಂದ ಎಳೀತೀನಿ. ಬೆಳಗ್ಗೆ ಎಂಗೆ ಬಂತೋ ಅಂಗೆ ಆದಾಗ ಯೋಳಿ.”

“ಇದೇನೇ ಇದು, ಬಿಡು” ಎಂದೆ. ಅವಳಾಗಲೇ ಹೊರಗೆ ಹೋಗಿದ್ದಳು.

ನಾನು ಕತ್ತಲಾಗುತ್ತಿದ್ದ ಗುಡಿಸಲಿನಲ್ಲಿ ಹಗ್ಗ ಹಿಡಿದು ಕೂತೆ. ಗೋಡೆಯ ಆಚೆ ಅವಳು ಕಾಣುತ್ತಿರಲಿಲ್ಲ. ಹಗ್ಗ ಎರಡು ಸಲ ಜಗ್ಗಿತು.

“ಇಂಗಾ?”

“ಇಲ್ಲ. ಇಷ್ಟು ಜೋರಿಲ್ಲ.”

ಮತ್ತೆ ಎರಡು ಸಲ. “ಇಂಗಾ?”

“ಇಲ್ಲ ಕಣೇ. ನಡುವೆ ಇಷ್ಟು ಹೊತ್ತು ಬಿಡಲಿಲ್ಲ.”

“ಇಂಗಾ?”

ಎಷ್ಟೋ ಸಲ ಆಯಿತು. ಪಕ್ಕದ ಗುಡಿಸಲಿನಲ್ಲಿ ಯಾರೋ ಮುದ್ದೆಗೆ ಕೂತ ಸದ್ದು ಕೇಳುತ್ತಿತ್ತು. ಒಂದೊಂದು ಸಲವೂ ಅವಳು ಹಿಂದಿನದಕ್ಕಿಂತ ಮೆಲ್ಲಗೆ, ಹತ್ತಿರ ಹತ್ತಿರ ಎಳೆಯುತ್ತ ಹೋದಳು. ಕೊನೆಗೊಂದು ಸಲ ನನ್ನ ಮುಂಗೈಯ ಕೂದಲು ನಿಂತವು.

“ಹೂಂ. ಇದೇ” ಎಂದೆ.

ಹಗ್ಗ ಹಾಗೇ ಬಿಗಿಯಾಗಿ ಇತ್ತು, ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅವಳು ಅಳುವುದು ಕೇಳಿಸಿತು. ಮಗಳು ಹೋಗಿ ಒಂದು ವರ್ಷದ ಮೇಲಾಗಿತ್ತು, ಆವತ್ತು ಅತ್ತಳು. ಅಕ್ಕಪಕ್ಕದ ಹೆಂಗಸರು ಬಂದು ಅವಳ ಸುತ್ತ ಕೂತರು. ಏನಾಯಿತೆಂದು ಯಾರೂ ಕೇಳಲಿಲ್ಲ. ನಾನು ಒಳಗೇ ಹಗ್ಗ ಹಿಡಿದು ಕೂತಿದ್ದೆ.

ಮಾರನೆಯ ಬೆಳಿಗ್ಗೆ ಅವಳೇ ಆ ಕಣ್ಣಿಯನ್ನು ಬಿಚ್ಚಿದಳು. ನಾರನ್ನು ಎಳೆ ಎಳೆಯಾಗಿ ಬಿಡಿಸಿ ಹೊಳೆಗೆ ಬಿಟ್ಟಳಂತೆ. ನಾನು ಜೊತೆಗೆ ಹೋಗಲಿಲ್ಲ, ಅವಳು ಕರೆಯಲೂ ಇಲ್ಲ. ನಂಜುಂಡನನ್ನು ಅಜ್ಜಿ ಮತ್ತೆ ಕಳುಹಿಸಿದರು. ಊರಿಗೆ ಹಿಂದಿರುಗುವವರೆಗೂ ಮಕ್ಕಳು ದಿನವೂ ಬಂದರು. ಅಷ್ಟೇ ಅಲ್ಲ, ಆಮೇಲೆ ಎಷ್ಟೋ ವರ್ಷ, ಬೇರೆ ಬೇರೆ ಮಕ್ಕಳನ್ನು ಕರೆದುಕೊಂಡು ನಾನು ಆ ದಡದಲ್ಲಿ ಓಡಾಡಿದ್ದೇನೆ. ಮಂಜು ಇದ್ದಾಗ ಮಾತ್ರ ನೀರಿಗಿಳಿಸಲಿಲ್ಲ.

ಆ ಬೇಸಿಗೆಯಲ್ಲಿ ನೀರು ಇಳಿದಾಗ ನಾನೊಬ್ಬನೇ ಹೋಗಿ ಆ ಜಾಗವನ್ನೆಲ್ಲ ಹುಡುಕಿದೆ. ನುರುಜುಗಲ್ಲು, ಅದರ ಪಕ್ಕ ನುಣ್ಣನೆಯ ಮರಳು, ಆಮೇಲೆ ಮಡುವಿನ ಹಸಿರು ನೀರು. ಬೇರಿರಲಿಲ್ಲ, ಕೊರಡಿರಲಿಲ್ಲ. ಮಳೆಯೂ ಬಂದಿರಲಿಲ್ಲ, ಹೊಳೆಯೂ ಏರಿರಲಿಲ್ಲ, ಕೊಚ್ಚಿಕೊಂಡು ಹೋಯಿತೆನ್ನಲು. ಆದರೆ ಒಂದು ಸಣ್ಣ ಕೊಂಬೆ ತಾನಾಗಿ ತೇಲಿ ಹೋಗಲು ಪ್ರವಾಹವೇ ಬೇಕೆಂದಿಲ್ಲ. ನಾನು ಹುಡುಕಿದ್ದು ಅದೇ ಜಾಗವೇ ಎಂದು ಆಣೆ ಮಾಡಿ ಹೇಳಲಾರೆ. ಮಂಜಿನಲ್ಲಿ ನಿಂತಿದ್ದ ಜಾಗವನ್ನು ಬಿಸಿಲಿನಲ್ಲಿ ಗುರುತಿಸುವುದು ಹೇಗೆ?

ನನ್ನ ಹೆಂಡತಿಗೆ ಈ ಸಂಶಯ ಇರಲಿಲ್ಲ. ಅವಳು ಅದರ ಮಾತನ್ನೇ ಮತ್ತೆ ಎತ್ತಲಿಲ್ಲ. ಮಗಳ ಹೆಸರನ್ನು ಮಾತ್ರ ಆಮೇಲೆ ಧಾರಾಳವಾಗಿ ಹೇಳುತ್ತಿದ್ದಳು. ಅಡಿಗೆ ಮಾಡುವಾಗ, ಕಾಳು ಆರಿಸುವಾಗ, ‘ತಾಯಿಗೆ ಇದು ಸೇರ್ತಿರ್ನಿಲ್ಲ’ ಎಂದು ನಗುತ್ತಿದ್ದಳು. ನಾನೂ ಒಪ್ಪಿದ್ದೇನೆಂದು ಅವಳು ತಿಳಿದಿದ್ದಳು. ಅವಳು ಬದುಕಿರುವವರೆಗೂ ಅವಳಿಗೆ ಹೇಳದೆ ಉಳಿದ ಮಾತು ಒಂದೇ. ಆ ಸಂಜೆ ನಾನು ‘ಇದೇ’ ಎಂದದ್ದು ನಿಜವಾಗಿ ಅದೇ ಆಗಿತ್ತೆಂದೋ, ಗೋಡೆಯಾಚೆಯಿಂದ ಇನ್ನೊಂದು ಸಲ ‘ಇಂಗಾ?’ ಎಂಬ ಮಾತನ್ನು ಕೇಳಲಾರದೆಯೋ, ನನಗೇ ಸ್ಪಷ್ಟವಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಕೂತು, ಹೊಳೆಯಲ್ಲಿ ಬಂದ ಎಳೆತವನ್ನು ಗುಡಿಸಲಿನಲ್ಲಿ ಬಂದ ಎಳೆತದಿಂದ ಬೇರೆಯಾಗಿ ನೆನಪಿಸಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. ಒಂದು ಎಳೆತ ಮಗಳದಾಗಿರಬಹುದು ಅಥವಾ ಒಂದು ಕೊಂಬೆಯದು. ಇನ್ನೊಂದು ನನ್ನ ಹೆಂಡತಿಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವುದು ಯಾವುದೆಂದು ನನ್ನ ಅಂಗೈಗೆ ಈಗ ತಿಳಿಯುವುದಿಲ್ಲ.